ಬ್ಲೇಡಣ್ಣನ ಕೈಗುಣ

ಅಂದು ಭಾನುವಾರ. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಗಂಡ ಸಿಂಕಿನ ಕೆಳಗೆ ತಲೆ ತೂರಿಸಿ ಮಲಗಿದ್ದ. ಕಾಲು ಮಾತ್ರ ಹೊರಗೆ. ಹೆಂಡತಿ ಪಕ್ಕದಲ್ಲಿ ಟಾರ್ಚ್ ಹಿಡಿದು ಕೂತಿದ್ದಳು. ಸಿಂಕಿನ ಕೆಳಗಿನಿಂದಲೇ ಅವನು ಮಾತಾಡುತ್ತಿದ್ದ. ಯಾರದೋ ಹರ್ನಿಯಾ, ಯಾರದೋ ಸೊಸೆ, ಲಿಫ್ಟ್ ಕೆಟ್ಟದ್ದು, ಹೊಸ ಡಾಕ್ಟರ ಬೂಟು.

"ನಿಮ್ಮ ನಾಲಿಗೆಗೆ ಭಾನುವಾರಾನೂ ರಜೆ ಇಲ್ವೇನ್ರೀ?"

"ರಜೆ ಹಾಕಿದ್ರೆ ಅದಕ್ಕೆ ಸಂಬಳ ಕಟ್ ಕಣೇ. ಸ್ಪ್ಯಾನರ್ ಕೊಡು."

ಅವಳು ಇಕ್ಕಳ ಕೊಟ್ಟಳು.

"ಇದು ಸ್ಪ್ಯಾನರ್ ಆದ್ರೆ ನಾನು ಸರ್ಜನ್ನು."

"ಹಾಗೇ ಅಂದ್ಕೊಂಡೇ ಓಡಾಡ್ತೀರಲ್ಲ."

ನಲ್ಲಿ ಸರಿಹೋಯಿತು. ಊಟ ಮಾಡಿದರು, ಮಧ್ಯಾಹ್ನ ಮಲಗಿದರು, ಸಂಜೆ ಎದ್ದು ಟೀ ಕುಡಿದರು. ಹೇಳಿಕೊಳ್ಳುವಂಥದ್ದು ಏನೂ ನಡೆಯಲಿಲ್ಲ. ಏನೂ ನಡೆಯದ ದಿನ ಆ ಮನೆಗೆ ಅದೇ ಕೊನೆಯದು.

ಅವನು ಆಸ್ಪತ್ರೆಯ ಕ್ಷೌರಿಕ. ಆಪರೇಷನ್ನಿಗೆ ಮುಂಚೆ ಮೈಯ ಕೂದಲು ತೆಗೆಯುವುದು ಅವನ ಕೆಲಸ. ಹೊಟ್ಟೆಯದಾದರೆ ಹೊಟ್ಟೆ, ಎದೆಯದಾದರೆ ಎದೆ, ತಲೆಯದಾದರೆ ತಲೆ. ಬೆಳಿಗ್ಗೆ ಡಬ್ಬ ಹಿಡಿದು ಹೊರಟರೆ ಮಂಚದಿಂದ ಮಂಚಕ್ಕೆ. ಮಲಗಿದವರಿಗೆ ಭಯ. ಆ ಭಯ ಮರೆಸಲು ಇವನು ಬಾಯಿ ಬಿಡುತ್ತಿದ್ದ. ಒಮ್ಮೆ ಬಿಟ್ಟರೆ ಮುಗಿಯಿತು. ಕೈಯಲ್ಲೂ ಬ್ಲೇಡು, ಬಾಯಲ್ಲೂ ಬ್ಲೇಡು ಎಂದು ಆಸ್ಪತ್ರೆಯವರು ಬ್ಲೇಡಣ್ಣ ಎಂದು ಕರೆದರು. ಅವನಿಗೆ ಆ ಹೆಸರಿನ ಮೇಲೆ ಬೇಸರವಿರಲಿಲ್ಲ. ಅಪ್ಪ ಅಮ್ಮ ಇಟ್ಟ ಹೆಸರನ್ನು ಸಂಬಳದ ದಿನ ಮಾತ್ರ ಬಳಸುತ್ತೇನೆ ಎನ್ನುತ್ತಿದ್ದ.

ಅಲ್ಲಿನ ದೊಡ್ಡ ಸಿಸ್ಟರ್, ನರ್ಸುಗಳಿಗೆಲ್ಲ ಮೇಲಿನವರು, ಕಷ್ಟದ ಆಪರೇಷನ್ ಇದ್ದರೆ ಇವನನ್ನೇ ಕರೆಸುತ್ತಿದ್ದರು. "ಬ್ಲೇಡಣ್ಣನ ಕೈಗುಣ ಒಳ್ಳೇದು, ಅವ್ರು ಮುಟ್ಟಿದೋರು ಎದ್ದು ಹೋಗ್ತಾರೆ," ಎನ್ನುತ್ತಿದ್ದರು. ಅದು ಅವರು ತಮಾಷೆಗೆ ಹೇಳಿದ ಮಾತು. ಇವನು ಅದನ್ನು ಮನಸ್ಸಿಗೆ ಹಚ್ಚಿಕೊಂಡಿದ್ದ. ಮನೆಗೆ ಬಂದು ಕೈ ಮುಂದೆ ಮಾಡಿ ತೋರಿಸುತ್ತಿದ್ದ.

"ನೋಡೇ, ಈ ಕೈಗೆ ಬೆಲೆ ಕಟ್ಟೋರಿಲ್ಲ."

"ಆ ಬೆಲೆ ಕಟ್ಟಲಾಗದ ಕೈಯಲ್ಲಿ ಆ ಕೊಡ ತುಂಬಿಸಿ."

ಮಕ್ಕಳಾಗಿರಲಿಲ್ಲ. ಮನೆಯಲ್ಲಿ ಇಬ್ಬರೇ. ಅವಳು ಕಿಟಕಿ ಪಕ್ಕ ಮೆಷಿನ್ ಇಟ್ಟುಕೊಂಡು ಬಟ್ಟೆ ಹೊಲಿಯುತ್ತಿದ್ದಳು. ಇಬ್ಬರಿದ್ದರೂ ಮನೆ ತುಂಬಿದ ಹಾಗಿತ್ತು. ಇನ್ನೂ ಇಬ್ಬರ ಮಾತನ್ನು ಅವನೊಬ್ಬನೇ ಆಡುತ್ತಿದ್ದನಲ್ಲ.

ಆ ಭಾನುವಾರ ಕಳೆದ ಮೇಲೆ ಕಾಯಿಲೆ ಬಂತು. ಬೀದಿ ಮುಚ್ಚಿತು, ಅಂಗಡಿ ಮುಚ್ಚಿತು. ಆಸ್ಪತ್ರೆಯಲ್ಲಿ ನಾಲ್ಕನೇ ಮಹಡಿಯನ್ನು ಉಸಿರು ಕಟ್ಟಿದವರಿಗೆ ಎಂದು ಬೇರೆ ಮಾಡಿದರು. ಬೇರೆ ಆಪರೇಷನ್ನುಗಳೆಲ್ಲ ನಿಂತವು. ಇನ್ನು ಕ್ಷೌರಿಕನಿಗೇನು ಕೆಲಸ, ಮನೆಯಲ್ಲೇ ಇರುತ್ತಾನೆ ಎಂದು ಅವಳು ಅಂದುಕೊಂಡಳು. ಆದರೆ ಆಸ್ಪತ್ರೆಯಿಂದಲೇ ಕರೆ ಬಂತು. ಉಸಿರು ಕಟ್ಟಿದವರಿಗೆ ಗಾಳಿಯ ಮಾಸ್ಕ್ ಬಿಗಿಯಾಗಿ ಕೂರಬೇಕು. ಗಡ್ಡದ ಮೇಲೆ ಅದು ಕೂರುವುದಿಲ್ಲ. ಸಂದಿಯಲ್ಲಿ ಗಾಳಿ ಸೋರುತ್ತದೆ. ಗಂಡಸರ ಗಡ್ಡ ತೆಗೆಯಬೇಕು, ಅದೂ ಬೇಗ.

ಅವನು ಹೋದ. ಮೈಮೇಲೆ ಬಿಳಿ ಪ್ಲಾಸ್ಟಿಕ್ಕಿನ ಅಂಗಿ, ಕೈಗೆ ಎರಡು ಪದರ ಗ್ಲೌಸು, ಮೂಗಿಗೆ ಮಾಸ್ಕ್, ಮುಖಕ್ಕೆ ಗಾಜಿನಂಥ ತೆರೆ.

ಮೊದಮೊದಲು ಮನೆಗೆ ಬಂದು ಹೇಳುತ್ತಿದ್ದ. ಮುಂದಿನ ಕೋಣೆ ಅವನದು, ಒಳಗಿನದು ಅವಳದು, ನಡುವೆ ಬಾಗಿಲು. ಬಾಗಿಲಿಗೆ ಬೆನ್ನು ಕೊಟ್ಟು ಕೂತು ಹೇಳುತ್ತಿದ್ದ. ಆಮೇಲೆ ಕಡಿಮೆಯಾಯಿತು. ಒಂದು ದಿನ ಅವಳೇ ಕೇಳಿದಳು.

"ಏನ್ರೀ, ಇವತ್ತು ಏನೂ ಸುದ್ದಿ ಇಲ್ವಾ?"

"ನನ್ನ ಕಂಡ್ರೆ ಮುಖ ತಿರುಗಿಸ್ತಾರೆ ಕಣೇ."

"ಯಾರು?"

"ಮಲಗಿರೋರು. ನಾನು ಗಡ್ಡ ಮಾಡಿದೋರು ಸಾಯ್ತಾರೆ ಅಂತ ಅವ್ರಿಗೆ ಗೊತ್ತಾಗಿದೆ. ಪಕ್ಕದ ಮಂಚದೋನು ನೋಡ್ತಾನಲ್ಲ. ನಿನ್ನೆ ಮಾಡಿದೆ, ಇವತ್ತು ಮಂಚ ಖಾಲಿ. ಡಬ್ಬ ಹಿಡಿದು ಬಾಗಿಲಲ್ಲಿ ನಿಂತ್ರೆ ಸಾಕು, ಇಡೀ ವಾರ್ಡು ಗೋಡೆ ಕಡೆ ತಿರುಗುತ್ತೆ. ಇವತ್ತು ಒಬ್ಬ ಕೈ ಮುಗಿದ. ಅಣ್ಣಾ, ನನ್ನ ಹತ್ರ ಬರಬೇಡ, ನಂಗೆ ಸಣ್ಣ ಮಗು ಇದೆ ಅಂದ."

"ನೀವೇನು ಮಾಡಿದ್ರಿ?"

"ಮಾಡಿದೆ. ಮಾಡ್ದೇ ಇದ್ರೆ ಮಾಸ್ಕ್ ಕೂರಲ್ಲ."

ಆ ಮನುಷ್ಯ ಏನಾದ ಎಂದು ಅವಳು ಕೇಳಲಿಲ್ಲ. ಅವನು ಹೇಳಲೂ ಇಲ್ಲ.

ಅಲ್ಲಿಂದ ಮುಂದೆ ಅವನ ನಾಲಿಗೆ ನಿಂತೇ ಹೋಯಿತು. ಮನೆಗೆ ಬರುವುದು, ಸ್ನಾನ, ಊಟ, ಗೋಡೆ ನೋಡುತ್ತಾ ಕೂರುವುದು. ಕೈಯನ್ನು ಸೋಪು ಹಚ್ಚಿ ಉಜ್ಜಿ ಉಜ್ಜಿ ಚರ್ಮ ಸುಲಿದಿತ್ತು. ಅವಳಿಗೆ ಏನನ್ನೂ ಕೈಯಿಂದ ಕೈಗೆ ಕೊಡುತ್ತಿರಲಿಲ್ಲ. ತಟ್ಟೆಯನ್ನು ನೆಲದ ಮೇಲಿಟ್ಟು ಹಿಂದೆ ಸರಿಯುತ್ತಿದ್ದ. ಸೋಂಕಿನ ಭಯ ಎಂದು ಅವಳು ತಿಳಿದಿದ್ದಳು. ಅದಾಗಿರಲಿಲ್ಲ. ಕುಂಡದಲ್ಲಿದ್ದ ತುಳಸಿಗೂ ಅವನು ನೀರು ಹಾಕುವುದನ್ನು ಬಿಟ್ಟಿದ್ದ.

"ಗಿಡಕ್ಕೂ ಕಾಯಿಲೆ ಬರುತ್ತೇನ್ರೀ?"

"ಕಾಯಿಲೆ ಅಲ್ಲ. ಕೈ."

ಗಡ್ಡವನ್ನೂ ಬಿಟ್ಟ. ದಿನ ತಪ್ಪದೆ ನುಣ್ಣಗೆ ಬೋಳಿಸಿಕೊಳ್ಳುತ್ತಿದ್ದವನು. ಇಡೀ ದಿನ ಅಲ್ಲಿ ಬ್ಲೇಡು ಹಿಡಿದು ಬಂದು, ಮನೆಯಲ್ಲಿ ಮತ್ತೆ ಅದನ್ನು ಮುಟ್ಟಲು ಆಗುತ್ತಿರಲಿಲ್ಲ. ಬಾಗಿಲ ಸಂದಿಯಲ್ಲಿ ಕಂಡಾಗ ಅವಳಿಗೆ ಬೇರೆ ಯಾರೋ ಬಂದು ಕೂತ ಹಾಗೆ ಕಾಣುತ್ತಿತ್ತು.

ಅವಳು ಸುಮ್ಮನಿರುವವಳಲ್ಲ. ಜಗಳ ತೆಗೆದಳು.

"ಕೈಯಿಂದ ಯಾರಾದ್ರೂ ಸಾಯ್ತಾರೇನ್ರೀ? ಕಾಯಿಲೆಯಿಂದ ಸತ್ರು. ಎಷ್ಟೋ ಜನ ಉಳ್ದಿರ್ತಾರೆ."

"ಒಬ್ಬನ್ನ ತೋರ್ಸು."

"ಇರ್ತಾರೆ ಅಂತ ಹೇಳ್ದೆ."

"ನಾನು ಗಡ್ಡ ಮಾಡಿ, ಎದ್ದು ನಡ್ಕೊಂಡು ಮನೆಗೆ ಹೋದೋನು. ಒಬ್ಬ. ಒಬ್ಬನ್ನ ತೋರ್ಸು ಸಾಕು." ಅವನು ಗಟ್ಟಿಯಾಗಿ ಹೇಳಲಿಲ್ಲ. ಬೇಡಿಕೊಂಡ ಹಾಗಿತ್ತು.

ಅವಳಿಗೆ ಓದು ಅಷ್ಟಕ್ಕಷ್ಟೆ. ಮಾತಿನಲ್ಲಿ ಅವನನ್ನು ಗೆಲ್ಲಲಾಗದು ಎಂದು ಗೊತ್ತಾಯಿತು. ಒಬ್ಬನನ್ನು ಹುಡುಕುವುದೇ ಸರಿ. ಹೀಗೇ ಬಿಟ್ಟರೆ ಗಂಡ ಕೈ ಬಿಟ್ಟು ಹೋಗುತ್ತಾನೆ. ಅದಕ್ಕೆ ಕಾಯಿಲೆಯೇ ಬೇಕೆಂದಿಲ್ಲ.

ದೊಡ್ಡ ಸಿಸ್ಟರಿಗೆ ಫೋನ್ ಮಾಡಿದಳು. ಅವರ ದನಿ ಬಿದ್ದುಹೋಗಿತ್ತು.

"ಹುಷಾರಾದೋರನ್ನ ನಾಲ್ಕರಲ್ಲಿ ಇಟ್ಕೊಳಲ್ಲಮ್ಮ. ಸ್ವಲ್ಪ ಸುಧಾರಿಸಿದ್ರೆ ಎರಡನೇ ಮಹಡಿಗೆ ಕಳಿಸ್ತೀವಿ. ಮಂಚ ಬೇಕಲ್ಲ. ಅಲ್ಲಿಂದ ಪಕ್ಕದ ಬಾಗಿಲಲ್ಲಿ ಮನೆಗೆ. ಮೇಲೆ ಕೆಲ್ಸ ಮಾಡೋರು ಕೆಳಗಿನ ವಾರ್ಡಿಗೆ ಹೋಗೋ ಹಾಗಿಲ್ಲ, ಕೆಳಗಿನೋರು ಮೇಲೆ ಬರೋ ಹಾಗಿಲ್ಲ."

"ಹಾಗಾದ್ರೆ ಉಳ್ದಿದ್ದು ನಿಮಗೆ ಹೇಗೆ ಗೊತ್ತಾಗತ್ತೆ?"

"ಗೊತ್ತಾಗಲ್ಲ." ಸಿಸ್ಟರ್ ಹೇಳಿದರು, "ನಮ್ಗೆ ಗೊತ್ತಾಗೋದು ಇಲ್ಲೇ ಸತ್ತೋರು ಮಾತ್ರ. ನಂಗೂ ಒಬ್ಬರನ್ನ ನೋಡ್ಬೇಕು ಅನ್ಸುತ್ತಮ್ಮ. ಎಲ್ಲಿ ನೋಡ್ಲಿ."

ಮರುದಿನ ಬೆಳಿಗ್ಗೆ ಗಂಡ ಡ್ಯೂಟಿಗೆ ಹೋದ ಮೇಲೆ ಅವಳೂ ಹೊರಟಳು. ಆಸ್ಪತ್ರೆಯ ಪಕ್ಕದ ಗೋಡೆಯಲ್ಲಿ ಒಂದು ಕಬ್ಬಿಣದ ಬಾಗಿಲು. ಎದುರಿಗೆ ರಸ್ತೆ. ರಸ್ತೆಯಾಚೆ ಮುಚ್ಚಿದ ಜೆರಾಕ್ಸ್ ಅಂಗಡಿಯ ಮೆಟ್ಟಿಲು. ಆ ಮೆಟ್ಟಿಲ ಮೇಲೆ ಕೂತಳು.

ನುಣ್ಣನೆಯ ಗಲ್ಲ ಕಂಡರೆ ಗುರುತು ಸಿಕ್ಕಿತು ಎಂದು ಅವಳ ಲೆಕ್ಕ. ಬಾಗಿಲು ತೆರೆದು ಒಬ್ಬ ಬಂದ. ಮುಖದ ತುಂಬಾ ಗಡ್ಡ. ಇನ್ನೊಬ್ಬ ಬಂದ. ಅವನಿಗೂ ಗಡ್ಡ. ಹೋದವರೆಲ್ಲ ಗಡ್ಡದವರೇ. ಕೂತು ಕೂತು ಅವಳಿಗೆ ಹೊಳೆಯಿತು. ಮಲಗಿದವರ ಗಡ್ಡ ಬೆಳೆಯದೆ ಇರುತ್ತದೆಯೇ? ವಾರಗಟ್ಟಲೆ ಮಲಗಿ ಎದ್ದವರು. ಕ್ಷೌರಿಕನ ಹೆಂಡತಿಗೆ ಇಷ್ಟು ತಿಳಿಯಲಿಲ್ಲ. ಒಬ್ಬಳೇ ನಕ್ಕಳು. ವಾಚ್‌ಮನ್ ನೋಡಿದ.

"ಯಾರಿಗೆ ಕಾಯ್ತಿದ್ದೀರಮ್ಮ?"

"ಒಬ್ಬ ಗಂಡಸು."

"ಯಾವ ಗಂಡಸು?"

"ಯಾರಾದ್ರೂ ಆದೀತು."

ವಾಚ್‌ಮನ್ ಮಾಸ್ಕನ್ನು ಮೇಲೆ ಎಳೆದುಕೊಂಡು ಎರಡು ಹೆಜ್ಜೆ ಹಿಂದೆ ಹೋದ. ಆಮೇಲೆ ಅವಳು ವಿಷಯ ಬಿಡಿಸಿ ಹೇಳಿದಳು. ಬ್ಲೇಡಣ್ಣನ ಹೆಂಡತಿ ಎಂದು ತಿಳಿದ ಮೇಲೆ ಕೂರಲು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟ, ದೂರದಲ್ಲಿ.

ಕೇಳುವುದಾದರೂ ಹೇಗೆ? ಸಾವಿನ ಬಾಯಿಂದ ಬಂದವನನ್ನು ತಡೆದು, ನಿಮ್ಮ ಗಡ್ಡ ಯಾರು ಮಾಡಿದ್ದು ಎನ್ನಬೇಕು. ಒಬ್ಬನ ಅತ್ತಿಗೆ, "ಹುಚ್ಚಿ ಇರ್ಬೇಕು, ಹತ್ರ ಹೋಗ್ಬೇಡ," ಎಂದು ಅವನನ್ನು ಆಟೋಗೆ ತಳ್ಳಿದಳು. ಒಬ್ಬ ನಾಲ್ಕನೇ ಮಹಡಿಯನ್ನೇ ಕಂಡಿರಲಿಲ್ಲ. ಒಬ್ಬನಿಗೆ ಏನೂ ನೆನಪಿಲ್ಲ. ತನ್ನ ಮಗನ ಹೆಸರನ್ನು ನಿನ್ನೆ ತಾನೇ ನೆನಪು ಮಾಡಿಕೊಂಡನಂತೆ. ಒಬ್ಬ ಮುದುಕ ಮಾತ್ರ ನಿಂತು ಕೇಳಿ, "ನಂಗೆ ಗಡ್ಡ ಬಂದು ಯಾವ ಕಾಲ ಆಯ್ತೋ ತಾಯಿ," ಎಂದು ಬೊಚ್ಚು ಬಾಯಲ್ಲಿ ನಕ್ಕು ಹೋದ.

ಸಂಜೆ ಗಂಡ ಬರುವ ಮೊದಲು ಮನೆ ಸೇರುತ್ತಿದ್ದಳು. ಎಲ್ಲಿಗೆ ಹೋಗಿದ್ದೆ ಎಂದು ಅವನು ಕೇಳುತ್ತಿರಲಿಲ್ಲ. ಮೊದಲಾಗಿದ್ದರೆ ಕೆದಕಿ ಕೆದಕಿ ಬಾಯಿ ಬಿಡಿಸುತ್ತಿದ್ದ. ಈಗ ಬಾಗಿಲ ಈ ಕಡೆ ಅವಳು, ಆ ಕಡೆ ಅವನು. ಅವನ ಕೆಮ್ಮು ಕೇಳಿದರೆ ಅವಳಿಗೆ ಭಯ. ಏನೂ ಕೇಳದಿದ್ದರೆ ಇನ್ನೂ ಹೆಚ್ಚು.

ಹಾಗೆ ಹೋಗಿ ಬಂದು ಮಾಡುತ್ತಿದ್ದಾಗ ಒಂದು ಬೆಳಿಗ್ಗೆ ಒಬ್ಬ ಬಸ್ ಡ್ರೈವರ್ ಸಿಕ್ಕ. ದೊಡ್ಡ ಆಳು ಇದ್ದಿರಬೇಕು. ಈಗ ಅಂಗಿಯೊಳಗೆ ಗಾಳಿಯೇ ಹೆಚ್ಚು. ಗೋಡೆ ಹಿಡಿದು ನಡೆದು ಬಂದು, ಕರೆದೊಯ್ಯುವವರು ಬರುವವರೆಗೆ ಕುರ್ಚಿಯಲ್ಲಿ ಕೂತ. ಅವಳು ದೂರ ನಿಂತು ಕೇಳಿದಳು.

"ನಾಲ್ಕರಲ್ಲೇ ಇದ್ದೆ," ಎಂದ. "ಗಡ್ಡಾನಾ? ಹೂಂ, ಮಾಡಿದ್ರು. ಒಬ್ಬ ಬಂದ. ಡಬ್ಬ ಇತ್ತು. ನಂಗೆ ಪಕ್ಕದೋರು ಮೊದ್ಲೇ ಹೇಳಿದ್ರು, ಇವ್ನು ಬಂದ್ರೆ ಟಿಕೆಟ್ ಹರಿದಂಗೇ ಅಂತ. ನಾನು ದಿನಾ ಟಿಕೆಟ್ ಹರಿಯೋ ಬಸ್ಸಲ್ಲೇ ಇರೋನು, ಹರೀಲಿ ಬಿಡು ಅಂದ್ಕೊಂಡೆ."

"ಏನಾದ್ರೂ ಹೇಳಿದ್ರಾ ಅವ್ರು?"

"ಹೇಳೋದೇನು, ಬಾಯಿ ನಿಂತೇ ಇಲ್ಲ. ಮಾತಾಡ್ತಾನೇ ಇದ್ದ. ಗಾಜಿನ ಒಳಗೆಲ್ಲ ಹಬೆ. ಒಂದಕ್ಷರ ಕೇಳಿಸ್ಲಿಲ್ಲ ನಂಗೆ. ಮಾಸ್ಕಿನ ಬಟ್ಟೆ ಅಲ್ಲಾಡ್ತಾ ಇತ್ತು, ಅಷ್ಟೆ. ಏನೋ ಕಥೆ ಹೇಳ್ತಿದ್ದ ಅಂತ ಕಾಣುತ್ತೆ, ಮಧ್ಯೆ ಅವನೇ ನಗ್ತಿದ್ದ. ನಂಗೂ ನಗು ಬಂತು. ಉಸಿರಿಲ್ದೆ ನಗೋದು ಕಷ್ಟ ಕಣಮ್ಮ."

ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಮನೆಯಲ್ಲಿ ಒಂದು ಮಾತಿಲ್ಲ. ಅಲ್ಲಿ ಆ ಪ್ಲಾಸ್ಟಿಕ್ಕಿನೊಳಗೆ ಯಾರಿಗೂ ಕೇಳದಿದ್ದರೂ ದಿನವಿಡೀ ಆಡುತ್ತಿದ್ದಾನೆ. ಮನೆಗೆ ಬರುವಷ್ಟರಲ್ಲಿ ಏನೂ ಉಳಿದಿರುತ್ತಿರಲಿಲ್ಲ.

ಫೋನಿನಲ್ಲಿ ವಿಡಿಯೊ ಹಿಡಿಯುತ್ತಾ, ಅವರು ನನ್ನ ಗಂಡ, ಅವರಿಗೆ ಎರಡು ಮಾತು ಹೇಳಿ ಎಂದಳು. ಡ್ರೈವರ್ ಮಾಸ್ಕ್ ಇಳಿಸಿ ಗಡ್ಡ ಕೆರೆದುಕೊಂಡ. "ಏನಪ್ಪಾ, ನಾನು ಸತ್ತಿಲ್ಲ. ಮನೆಗೆ ಹೋಗ್ತಿದ್ದೀನಿ. ನೀನು ಮಾಡಿದ್ದು ಮತ್ತೆ ಬೆಳೆದಿದೆ ನೋಡು. ಬಸ್ಸು ಶುರುವಾದ ಮೇಲೆ ಬಾ, ಟಿಕೆಟ್ ಬೇಡ." ಅಷ್ಟು ಹೇಳುವುದರಲ್ಲೇ ಅವನಿಗೆ ದಮ್ಮು ಹತ್ತಿತು.

ಅವಳು ಮನೆಗೆ ಓಡಿದಳು. ಸಂಜೆಯವರೆಗೆ ಹೇಗೆ ಕಾಯುವುದು ಎಂಬುದೇ ಚಿಂತೆ. ಬಾಗಿಲು ತೆರೆದಿತ್ತು. ಗಂಡ ಮುಂದಿನ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದ. ಡ್ಯೂಟಿಯಿಂದ ಮಧ್ಯದಲ್ಲೇ ಕಳಿಸಿದ್ದರು. ಮೈ ಕೆಂಡ. ಡ್ರೈವರನ್ನು ತೋರಿಸಲು ಅವಳು ಫೋನ್ ತೆಗೆಯುವಷ್ಟರಲ್ಲಿ, ಅವನೇ ಕರೆಸಿದ್ದ ಆಂಬುಲೆನ್ಸ್ ಬಂದು ನಿಂತಿತು. ಅವನು ಕಣ್ಣು ಮುಚ್ಚಿಕೊಂಡೇ ಹತ್ತಿದ.

ಮೂರು ದಿನ ಕೆಳಗೆ ಇಟ್ಟಿದ್ದರು. ಆಮೇಲೆ ನಾಲ್ಕಕ್ಕೆ ಒಯ್ದರು. ದೊಡ್ಡ ಸಿಸ್ಟರೇ ಫೋನ್ ಮಾಡಿದರು.

"ನೀನು ಬರ್ಬೇಕಮ್ಮ. ಐದು ನಿಮಿಷ ಒಳಗೆ ಬಿಡ್ತೀವಿ. ಗಡ್ಡ ತೆಗೆಯೋಕೆ ಬಿಡ್ತಿಲ್ಲ. ನಮ್ಮ ಹುಡುಗಿಯರು ಹತ್ರ ಹೋದ್ರೆ ಗೋಡೆ ಕಡೆ ತಿರುಗ್ತಾರೆ."

"ಅವ್ರ ಗಡ್ಡ ನೀವು ಯಾರೂ ನೋಡ್ಲಿಲ್ವಾ ಸಿಸ್ಟರ್? ಗಡ್ಡದ ಮೇಲೆ ಮಾಸ್ಕ್ ಹಾಕ್ಕೊಂಡು ಕೆಲ್ಸ ಮಾಡ್ತಿದ್ರಲ್ಲ. ಅದೂ ಸೋರುತ್ತಲ್ಲ."

"ಎಲ್ಲರೂ ಮುಖ ಮುಚ್ಕೊಂಡೇ ಬರ್ತಿದ್ವಿ, ಮುಚ್ಕೊಂಡೇ ಹೋಗ್ತಿದ್ವಿ. ಯಾರ ಮುಖದ ಮೇಲೆ ಏನಿದೆ ಅಂತ ಯಾರು ನೋಡಿದ್ರು? ತಿಂಗಳಾಯ್ತು, ನಾನು ಅವ್ರ ಮುಖ ನೋಡಿರ್ಲಿಲ್ಲ."

ಇಡೀ ವಾರ್ಡಿನ ಗಡ್ಡ ತೆಗೆದವನು ತನ್ನ ಗಡ್ಡದಿಂದ ಹೋಗುವಂತಾಯಿತು. ಅವನಿಗೆ ಅದು ತಿಳಿಯದ ವಿಷಯವೇ? ತಿಳಿದೂ ಬಿಟ್ಟನೇ, ಅಥವಾ ಬ್ಲೇಡು ಮುಟ್ಟಲಾಗದೆ ಬಿಟ್ಟನೇ? ಅವಳು ಇಂದಿಗೂ ಹೇಳಲಾರಳು. ಕೇಳಲು ಹೊತ್ತು ಸಿಗಲಿಲ್ಲ.

ಅವಳಿಗೂ ಬಿಳಿ ಅಂಗಿ ತೊಡಿಸಿದರು. ಒಳಗೆ ಹೋದಳು. ಸಾಲು ಮಂಚ, ಯಂತ್ರಗಳ ಗುರ್ರೆನ್ನುವ ಸದ್ದು. ಅವನು ಗೋಡೆ ಕಡೆ ತಿರುಗಿ ಮಲಗಿದ್ದ. ಅವಳನ್ನು ಗುರುತು ಹಿಡಿಯಲಿಲ್ಲ. ಹಿಡಿಯುವುದಾದರೂ ಹೇಗೆ, ಎಲ್ಲರೂ ಒಂದೇ ಹಾಗೆ. ಅವಳು ಬಗ್ಗಿ ಕಿವಿಯಲ್ಲಿ ಕೂಗಿದಳು.

"ರೀ. ಒಬ್ಬನ್ನ ತೋರ್ಸು ಅಂದ್ರಲ್ಲ. ತಂದಿದ್ದೀನಿ."

ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಫೋನನ್ನು ಕಣ್ಣ ಮುಂದೆ ಹಿಡಿದಳು. ಡ್ರೈವರ್ ಬಂದ. ಗಡ್ಡ ಕೆರೆದ. ಏನಪ್ಪಾ, ನಾನು ಸತ್ತಿಲ್ಲ ಎಂದ.

ಅವನು ನೋಡಿದ. ಮತ್ತೆ ಎಂದು ಬೆರಳಲ್ಲಿ ತೋರಿಸಿದ. ಮತ್ತೆ ಹಾಕಿದಳು. ಅಷ್ಟರಲ್ಲಿ ದೊಡ್ಡ ಸಿಸ್ಟರ್ ಬೆನ್ನ ಹಿಂದೆ ಬಂದು ನಿಂತಿದ್ದರು. "ಕಿಟಕಿ ಪಕ್ಕದ ಮಂಚದೋರು," ಎಂದರು. "ಬದುಕಿದ್ರಾ ಇವ್ರು?" ಇನ್ನೊಬ್ಬ ನರ್ಸು ಬಂದಳು. ನೆಲ ಒರೆಸುವವನು ಬಂದ. ಬಿಳಿ ಅಂಗಿಗಳೆಲ್ಲ ಮಂಚದ ಸುತ್ತ ಸೇರಿ, ಗಾಜಿಗೆ ಗಾಜು ತಾಗಿಸಿಕೊಂಡು, ಅಂಗೈ ಅಗಲದ ಫೋನನ್ನು ಬಗ್ಗಿ ನೋಡಿದರು. ಒಬ್ಬಳು ಮೂಗು ಏರಿಸಿದ್ದು ಕೇಳಿಸಿತು. ಗಾಜಿನೊಳಗೆ ಒರೆಸಿಕೊಳ್ಳಲು ಆಗುವುದಿಲ್ಲ.

ಅವನು ಅಂಗಾತ ತಿರುಗಿದ. ಗಲ್ಲ ಮೇಲಕ್ಕೆತ್ತಿದ. ಕತ್ತು ಚಾಚಿ, ಹೇಗೆ ಬೇಕೋ ಹಾಗೆ. ಅವಳ ಕಡೆ ಕೈ ತೋರಿಸಿದ. ಬೇರೆ ಯಾರೂ ಬೇಡ.

ಅವಳು ಜೀವಮಾನದಲ್ಲಿ ಬ್ಲೇಡು ಹಿಡಿದವಳಲ್ಲ. ನೊರೆ ಹಚ್ಚಿದಳು. ಎರಡು ಗ್ಲೌಸಿನೊಳಗೆ ಬೆರಳು ಬೆರಳಾಗಿರಲಿಲ್ಲ. ಅವನು ತನ್ನ ಬೆರಳಿಂದ ಅವಳ ಮಣಿಕಟ್ಟನ್ನು ಸ್ವಲ್ಪ ಓರೆ ಮಾಡಿದ, ಹೀಗೆ ಎಂದು. ಎಷ್ಟು ದಿನವಾಗಿತ್ತು ಆ ಕೈ ಅವಳನ್ನು ಮುಟ್ಟಿ. ದವಡೆಯ ಕೆಳಗೆ ಒಂದು ಕಡೆ ರಕ್ತ ಬಂತು. ಅವನ ತುಟಿ ಅಲ್ಲಾಡಿತು. ಏನೋ ಹೇಳಿದ. ಬೈದನೋ, ತಮಾಷೆಯೋ. ಯಂತ್ರದ ಸದ್ದಿನಲ್ಲಿ ಕೇಳಿಸಲಿಲ್ಲ. ಅವಳೂ ಏನೋ ಹೇಳಿದಳು. ಅವನಿಗೂ ಕೇಳಿಸಿರಲಿಕ್ಕಿಲ್ಲ.

ಮಾಸ್ಕ್ ಸರಿಯಾಗಿ ಕೂತಿತು. ಗಾಳಿ ಸೋರಲಿಲ್ಲ. ಆದರೂ ಅವನು ಉಳಿಯಲಿಲ್ಲ. ಆ ವಾರದಲ್ಲೇ ಹೋದ.

ಮನೆಗೆ ಯಾರೂ ಬರುವ ಹಾಗಿರಲಿಲ್ಲ. ಫೋನಿನಲ್ಲಿ ಅತ್ತರು, ಫೋನ್ ಇಟ್ಟರು. ಮುಂದಿನ ಕೋಣೆ ಖಾಲಿಯಾದರೂ ಅವಳು ಬಹಳ ದಿನ ನಡುವಿನ ಬಾಗಿಲನ್ನು ಮುಚ್ಚಿಯೇ ಇಟ್ಟಳು. ಮೆಷಿನ್ ಮುಂದೆ ಕೂತರೆ ಕೈ ಆಡುತ್ತಿರಲಿಲ್ಲ. ಅವನು ಹೇಳಿದ ಮಾತು ಈಗ ಅವಳ ಕೈಗೆ ಅಂಟಿತ್ತು. ಅವಳು ಗಡ್ಡ ಮಾಡಿದಳು, ಅವನು ಸತ್ತ. ಸುಳ್ಳು ಎಂದು ತಿಳಿದಿತ್ತು. ತಿಳಿದರೆ ಹೋಗುವ ಸುಳ್ಳಲ್ಲ ಅದು. ಅವನೊಡನೆ ಅಷ್ಟು ಜಗಳವಾಡಿದ್ದಳಲ್ಲ. ಈಗ ತನ್ನೊಡನೆ ಹಾಗೆ ಜಗಳವಾಡಲು ಯಾರೂ ಇರಲಿಲ್ಲ.

ದೊಡ್ಡ ಸಿಸ್ಟರಿಗೆ ಒಮ್ಮೆ ಹೇಳಿದಳು. ಅವರು ಸಮಾಧಾನ ಮಾಡಲಿಲ್ಲ.

"ನಂಗೂ ಹಾಗೇ ಇದೆಯಮ್ಮ," ಎಂದರು. "ಆ ಡ್ರೈವರನ್ನ ನೋಡಿದ ದಿನ ಮಾತ್ರ ನಮ್ಮ ಹುಡುಗಿಯರು ಊಟ ಮಾಡಿದ್ರು."

ಗಂಡ ಸತ್ತ ಮೇಲೆ ಆಸ್ಪತ್ರೆಯವರು ಅವಳಿಗೆ ಕೆಲಸ ಕೊಟ್ಟರು. ಗುಡಿಸಿ ಒರೆಸುವುದು. ಎಲ್ಲಿ ಬೇಕು ಎಂದು ಕೇಳಿದಾಗ, ಹುಷಾರಾದವರು ಮನೆಗೆ ಹೋಗುವ ಪಕ್ಕದ ಬಾಗಿಲ ಓಣಿ ಎಂದಳು. ಅದು ಯಾರೂ ಕೇಳುವ ಜಾಗವಲ್ಲ. ಧೂಳು ಹೆಚ್ಚು.

ಆ ಕಾಯಿಲೆ ಹೋಗಿದೆ. ಬೇರೆ ಕಾಯಿಲೆಗಳು ಇದ್ದೇ ಇವೆ, ನಾಲ್ಕನೇ ಮಹಡಿಯೂ ತುಂಬಿಯೇ ಇರುತ್ತದೆ. ದಿನಾ ಬೆಳಿಗ್ಗೆ ಅವಳು ಓಣಿ ಗುಡಿಸಿ, ನೀರು ಹಾಕಿ ಒರೆಸಿ, ಕಸದ ಡಬ್ಬ ಹೊರಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಮೆಟ್ಟಿಲು ಹತ್ತುತ್ತಾಳೆ. ಲಿಫ್ಟ್ ರೋಗಿಗಳಿಗೆ. ಮೂರರಲ್ಲಿ ಒಮ್ಮೆ ನಿಂತು ದಮ್ಮು ತೆಗೆದುಕೊಳ್ಳುತ್ತಾಳೆ. ನಾಲ್ಕರ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ನರ್ಸುಗಳ ಮೇಜಿನ ಹತ್ತಿರ ಹೋಗಿ ಹೇಳುತ್ತಾಳೆ.

"ನಿನ್ನೆ ಮೂಲೆ ಮಂಚದ ಅಜ್ಜಿ ಮನೆಗೆ ಹೋದ್ರು. ಸೊಸೆ ಜೊತೆ ಜಗಳ ಆಡ್ಕೊಂಡೇ ಹೋದ್ರು. ಹೊಟ್ಟೆ ಕೊಯ್ದಿದ್ರಲ್ಲ, ಆ ಮೇಷ್ಟ್ರೂ ಹೋದ್ರು. ಒಂದು ಚಪ್ಪಲಿ ಬಿಟ್ಟು ಹೋಗಿದ್ರು, ಅರ್ಧ ದಾರಿಯಿಂದ ವಾಪಸ್ ಬಂದು ಹಾಕ್ಕೊಂಡ್ರು."

ಹೊಸ ಹುಡುಗಿಯರು ತಲೆ ಎತ್ತುತ್ತಾರೆ, ಒಬ್ಬಳು ನಗುತ್ತಾಳೆ. ಯಾರೂ ಹೋಗದ ದಿನ, ನಿನ್ನೆ ಯಾರೂ ಇಲ್ಲ ಎನ್ನುತ್ತಾಳೆ. ಅದನ್ನೂ ಹೇಳಲೇಬೇಕು. ಹೇಳಿ, ಬಕೆಟ್ಟು ಎತ್ತಿಕೊಂಡು ಕೆಳಗೆ ಇಳಿಯುತ್ತಾಳೆ.